ಕಲ್ಲು ಕುಡಿದ ಎಣ್ಣೆ

ನಮ್ಮ ವಂಶದಲ್ಲಿ ಕಲ್ಲು ನೆಕ್ಕಿ ಪಗಾರ ತಂದವನು ನಾನೊಬ್ಬನೇ. ಈ ಮಾತು ನನ್ನ ಅಕ್ಕ ಮರುಳಸಿದ್ದಮ್ಮನದು, ಅದನ್ನೂ ಬೀಗರು ಬಂದಾಗಲೇ ಹೇಳುತ್ತಿದ್ದಳು. ಸುಳ್ಳೇನಲ್ಲ. ಮುಂಬಯಿಯ ಕಡಲಲ್ಲಿ ಎಣ್ಣೆ ಬಾವಿ ಕೊರೆಯುವಲ್ಲಿ ಮೂವತ್ತು ವರ್ಷ ಭೂವಿಜ್ಞಾನಿಯಾಗಿದ್ದೆ. ಕೊರೆದಾಗ ಮೇಲೆ ಬರುವ ಸುಣ್ಣಕಲ್ಲಿನ ಚೂರನ್ನು ನಾಲಗೆಗೆ ಇಟ್ಟು ನೋಡುವುದು ನಮ್ಮ ರೂಢಿ. ಅಂಟಿಕೊಂಡರೆ ಒಳಗೆ ಸಣ್ಣ ಸಣ್ಣ ತೂತುಗಳಿವೆ ಎಂದರ್ಥ.

ನೆಲದಡಿ ಎಣ್ಣೆಯ ಕೆರೆ ಇದೆ ಎಂದು ಜನ ತಿಳಿದಿದ್ದಾರೆ. ಕೆರೆಯೂ ಇಲ್ಲ, ಮಣ್ಣೂ ಇಲ್ಲ. ಜಾಮೂನಿನೊಳಗೆ ಪಾಕ ಇದ್ದ ಹಾಗೆ ಎಣ್ಣೆ ಕಲ್ಲಿನೊಳಗೇ ಇರುತ್ತದೆ. ಅದಕ್ಕೆ ಬೇಕಾದ್ದು ಎಣ್ಣೆ ಹುಟ್ಟುವ ಜಾಗ, ಅದನ್ನು ಕುಡಿದು ಹಿಡಿದಿಡುವ ಕಲ್ಲು, ಮೇಲೊಂದು ಬಿಗಿಯಾದ ಮುಚ್ಚಳ. ನಿವೃತ್ತನಾಗಿ ಹೊಸಪೇಟೆಗೆ ಬಂದ ಮೇಲೆ ಮನೆಗೆ ಚಹಾಕ್ಕೆ ಬಂದವರಿಗೆಲ್ಲ ಈ ಪಾಠ ಹೇಳಿದ್ದೇನೆ. ಕಿವಿಗೊಡದವರಿಗೆ ಎರಡು ಸಲ ಹೇಳಿದ್ದೇನೆ.

ಎರಡು ಸಾವಿರದ ಆರನೇ ಇಸವಿಯ ಬೇಸಿಗೆ. ಅಕ್ಕನ ಹೊಲ ಪಾಪಿನಾಯಕನಹಳ್ಳಿಯಲ್ಲಿ. ಅಲ್ಲಿ ನಮ್ಮಪ್ಪ ತೋಡಿಸಿದ ಮೆಟ್ಟಿಲ ಬಾವಿಯಿದೆ. ಸುತ್ತಲಿನ ಬೋರುಗಳದು ಗಡಸು ನೀರು, ಅದರಲ್ಲಿ ಬೇಳೆ ಬೇಯುವುದಿಲ್ಲ. ಆದ್ದರಿಂದ ಏಳು ಮನೆಗಳ ಅಡುಗೆಗೆ ಈ ಬಾವಿಯೇ ಗತಿ. ಬಾವಿಯ ಮೇಲಿನ ದಿಬ್ಬದ ಎರಡು ಎಕರೆ ನನ್ನ ಪಾಲು. ಆಗ ಜೋಳ ಬೆಳೆಯುವವರು ಯಾರು? ಸಂಡೂರಿನಿಂದ ಅದಿರು ಹೊತ್ತ ಲಾರಿಗಳು ಹಗಲೂ ರಾತ್ರಿ ಹರಿಯುತ್ತಿದ್ದ ಕಾಲ. ನಾನೂ ಎಲ್ಲರಂತೆ ಹೊಲವನ್ನು ಟಿಪ್ಪರ್ ನಿಲ್ಲಿಸುವವನೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದೆ.

ಬಾವಿ ನೀರು ಸೀಮೆಎಣ್ಣೆ ವಾಸನೆ ಹೊಡೆಯುತ್ತಿದೆ ಎಂದು ಅಕ್ಕ ತನ್ನ ಹೊಲ ನೋಡಿಕೊಳ್ಳುವ ಓಬಳೇಶನ ಕೈಲಿ ಹೇಳಿ ಕಳಿಸಿದಳು. ನಾನು ನಕ್ಕೆ. ಇದು ಗ್ರಾನೈಟಿನ ಸೀಮೆ ಕಣಪ್ಪ, ಇನ್ನೂರೈವತ್ತು ಕೋಟಿ ವರ್ಷದ ಬಂಡೆ, ಇಲ್ಲಿ ಎಣ್ಣೆಯ ಮುತ್ತಾತನೂ ಹುಟ್ಟಿಲ್ಲ ಎಂದೆ. ಅವನು ತಲೆಯಾಡಿಸಿದ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಅಂದುಕೊಂಡೆ. ಹತ್ತು ದಿನ ಬಿಟ್ಟು ಅವನು ಮತ್ತೆ ಬಂದ. ಆಗಲೂ ಅದೇ ಪಾಠ ಒಪ್ಪಿಸಿದೆ.

ಮೂರನೇ ಸಲ ಅಕ್ಕನೇ ಬಸ್ಸಿನಲ್ಲಿ ಬಂದಳು. ನನ್ನ ಮೇಜಿನ ಮೇಲೆ ಒಂದು ಬಾಟಲಿ ನೀರಿಟ್ಟಳು. ಚಹಾ ಬೇಡವೆಂದಳು. ಊರಲ್ಲಿ ಎಣ್ಣೆ ಸಿಕ್ಕಿದೆ ಎಂದು ಗುಲ್ಲೆದ್ದು, ಹಿರಿಯ ಹಂಪಯ್ಯ ಬಾವಿಗೆ ಕಾಯಿ ಒಡೆಸಿದ್ದನಂತೆ. ಅಕ್ಕನಿಗೆ ಎಣ್ಣೆ ಬೇಕಿರಲಿಲ್ಲ, ನೀರು ಬೇಕಿತ್ತು.

"ನೀ ಓದಿದಾಂವ, ನೀ ಹೇಳಿದ್ದು ಖರೇನ ಇರ್ಬೇಕು ಬಿಡು ಶಂಭು," ಎಂದಳು. "ಎಮ್ಮಿ ಓದಿಲ್ಲ ನೋಡು. ನಾಕ್ ದಿನ ಆತು, ಆ ನೀರಿಗೆ ಬಾಯಿ ಹಾಕಿಲ್ಲ."

ಮೈಯೆಲ್ಲ ಉರಿಯಿತು. ಆದರೂ ಅವಳ ಜೊತೆ ಹೊರಟೆ.

ಬಾವಿಯ ಸುತ್ತ ಮೂವತ್ತು ಜನ ನಿಂತಿದ್ದರು. ನಾನು ಮೆಟ್ಟಿಲಿಳಿದೆ. ನೀರು ಕೆಳಗೆ ಹೋಗಿದ್ದರಿಂದ ಬಾವಿಯ ಗೋಡೆ ಚೆನ್ನಾಗಿ ಕಾಣುತ್ತಿತ್ತು. ಮೇಲೆ ಎರೆಮಣ್ಣು, ತಳದಲ್ಲಿ ಗ್ರಾನೈಟು, ನಡುವೆ ಮೊಳದಷ್ಟು ದಪ್ಪದ ಬೆಳ್ಳನೆ ಪದರ. ಹೊಲ ಉಳುವಾಗ ನೇಗಿಲ ಗುಳಕ್ಕೆ ತಾಗುತ್ತದಲ್ಲ, ಅದೇ ಸುಣ್ಣಕಲ್ಲು. ಎರೆಮಣ್ಣಿನಲ್ಲಿ ಇಳಿದ ಮಳೆನೀರು ಸಾವಿರಾರು ವರ್ಷಗಳಲ್ಲಿ ಕಟ್ಟಿದ್ದು. ಚಿಕ್ಕಂದಿನಿಂದ ಈ ಮೆಟ್ಟಿಲ ಮೇಲೆ ಆಡಿದವನು ನಾನು. ಕಡಲಿನ ಕಲ್ಲನ್ನು ಮೂವತ್ತು ವರ್ಷ ನೋಡಿದವನು ಇದನ್ನು ಒಂದು ದಿನವೂ ಕಲ್ಲೆಂದು ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ.

ಪಡುವಣ ಗೋಡೆಯಲ್ಲಿ ಆ ಪದರ ಬೆವರುತ್ತಿತ್ತು. ಬೆವರಿನ ಕೆಳಗೆ ನೀರ ಮೇಲೆ ಬಣ್ಣಬಣ್ಣದ ಪೊರೆ ತೇಲುತ್ತಿತ್ತು. ಒಂದು ಚೂರು ಕಿತ್ತು, ಬಟ್ಟೆಗೆ ಒರೆಸಿ, ನಾಲಗೆಗೆ ಇಟ್ಟೆ. ಅಂಟಿಕೊಂಡಿತು. ಜೊತೆಗೆ ರುಚಿಯೂ ಬಂತು. ನೆಲದ ಎಣ್ಣೆಯ ರುಚಿ ನನಗೆ ಗೊತ್ತು, ಇದು ಅದಲ್ಲ. ಇದು ಬಂಕಿನ ಡೀಸೆಲ್.

ಕುಡಿದು ಹಿಡಿದಿಡುವ ಕಲ್ಲು ಇತ್ತು. ಎರೆಮಣ್ಣಿನ ಮುಚ್ಚಳ ಇತ್ತು. ಇನ್ನು ಎಣ್ಣೆ ಹುಟ್ಟಿದ ಜಾಗವೊಂದು ಬೇಕಿತ್ತು. ಕೆಲವು ಮೆಟ್ಟಿಲು ಹತ್ತಿ ಪಡುವಣ ದಿಬ್ಬ ನೋಡಿದೆ. ಕೆಂಪು ಧೂಳು ಮೆತ್ತಿದ ಹದಿನಾರು ಟಿಪ್ಪರುಗಳು ನನ್ನ ಹೊಲದಲ್ಲಿ ನಿಂತಿದ್ದವು.

ಎರಡು ವರ್ಷದ ಹಿಂದೆ ಅಲ್ಲಿ ಡೀಸೆಲ್ ಟ್ಯಾಂಕ್ ಹೂಳಲು ಗುಂಡಿ ತೋಡಿದಾಗ ನಾನು ಎದುರಿಗೇ ಇದ್ದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಅಲ್ಲಿ ಟ್ಯಾಂಕ್ ನಿಲ್ಲುವುದಿಲ್ಲ, ಬಿಳಿ ಕಲ್ಲು ಸಿಗುವ ತನಕ ತೋಡಿ ಅದರ ಮೇಲೆ ಕೂರಿಸಿ ಎಂದು ಬುದ್ಧಿ ಹೇಳಿದವನು ನಾನೇ. ಕಲ್ಲಿನ ವಿಷಯ ನನ್ನನ್ನು ಬಿಟ್ಟು ಯಾರಿಗೆ ಗೊತ್ತು! ಅವರು ಹೂಳಿದ್ದು ಹಳೇ ಟ್ಯಾಂಕು, ತಳದಲ್ಲಿ ತುಕ್ಕು ಹಿಡಿಯಿತು. ಕಲ್ಲು ಸದ್ದಿಲ್ಲದೆ ಕುಡಿಯುತ್ತಾ ಹೋಯಿತು.

ಮೆಟ್ಟಿಲ ಮೇಲೆ ಕೂತೆ. ಏನೋ ಸೋರಿಕೆ, ಎಲ್ಲಿಂದಲೋ ಏನೋ ಎಂದುಬಿಟ್ಟರೆ ಅಲ್ಲಿ ನನ್ನ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಮೇಲೆ ಹತ್ತಿದೆ.

"ಎಣ್ಣಿ ಐತೇನ್ರಿ?" ಎಂದು ಹಂಪಯ್ಯ ಕೇಳಿದ.

"ಐತಿ," ಎಂದೆ. "ನಂದ ಅದು. ನನ್ನ ಹೊಲದಾಗಿನ ಟ್ಯಾಂಕ್ ಸೋರೈತಿ. ಅಲ್ಲಿ ಕುಂದ್ರಸು ಅಂತ ಜಾಗ ತೋರಿಸಿದಾಂವನೂ ನಾನ."

ಹಂಪಯ್ಯ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು ಊರ ಕಡೆ ನಡೆದ. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಅಕ್ಕ ನಿಂತೇ ಇದ್ದಳು. ಟ್ಯಾಂಕ್ ನಾಳೆಯೇ ಕೀಳಿಸುತ್ತೇನೆ ಎಂದೆ. ಅವಳು ಬಾವಿಯೊಳಗೆ ಬಗ್ಗಿ ನೋಡಿದಳು.

"ನೀರು ಯಾವಾಗ ಚಲೋ ಆಗ್ತೈತಿ, ಅಷ್ಟ ಹೇಳು."

ಇದರ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಕಡಲಲ್ಲಿ ಅಷ್ಟು ವರ್ಷ, ಅಷ್ಟು ಯಂತ್ರ ಹಚ್ಚಿ ಎಳೆದರೂ ಅರ್ಧಕ್ಕಿಂತ ಹೆಚ್ಚು ಎಣ್ಣೆ ಸುಣ್ಣಕಲ್ಲಿನಲ್ಲೇ ಉಳಿಯುತ್ತಿತ್ತು. ಒಮ್ಮೆ ಕುಡಿದದ್ದನ್ನು ಆ ಕಲ್ಲು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

"ನಾವಿಬ್ಬರೂ ಇರೋತನಕ ಆಗಂಗಿಲ್ಲಕ್ಕಾ," ಎಂದೆ.

ಅಕ್ಕ ಗಡಗಡೆಯಿಂದ ಹಗ್ಗ ಬಿಚ್ಚಿ, ಸುತ್ತಿ, ಹೆಗಲಿಗೆ ಹಾಕಿಕೊಂಡಳು. ಬಿಸಿಲಾಗಿದೆ, ಉಂಡು ಹೋಗು ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅಂದು ಅವಳು ಬೋರಿನ ನೀರಲ್ಲಿ ಅಡುಗೆ ಮಾಡಿದ್ದಳು. ಬೇಳೆ ಬೆಂದಿರಲಿಲ್ಲ, ಕಾಳು ಕಾಳಾಗಿ ಹಲ್ಲಿಗೆ ಸಿಗುತ್ತಿತ್ತು. ಎರಡನೇ ಸಲ ಹಾಕಿಸಿಕೊಂಡು ಉಂಡೆ.