ಬೆಳೆಗಾರರ ಆಸ್ಪತ್ರೆಗೆ ಡಾಕ್ಟರು ಬಂದದ್ದು

ಮಲ್ಲಿಕಾರ್ಜುನಪ್ಪನವರಿಗೆ ಎದೆನೋವು ಬಂದದ್ದು ಕಾಫಿ ಕಣದಲ್ಲಿ, ಹಣ್ಣಿನ ಸಿಪ್ಪೆ ತೆಗೆದು ಹರಡಿದ್ದ ಪಾರ್ಚ್‌ಮೆಂಟ್ ಕಾಫಿ ಒಣಗಿದೆಯೋ ಇಲ್ಲವೋ ಎಂದು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದಾಗ. ಅದನ್ನು ಅವರು ಎದೆನೋವು ಎಂದು ಒಪ್ಪಲಿಲ್ಲ. ಗ್ಯಾಸ್ಟ್ರಿಕ್ ಎಂದರು. ಹೆಂಡತಿ ಮುದ್ದಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು. ಕಷಾಯ ಕುಡಿದ ಮೇಲೆ ಗ್ಯಾಸ್ಟ್ರಿಕ್ ಎಡಗೈಗೂ ಇಳಿಯಿತು.

ಮುದ್ದಮ್ಮ ವಾದಕ್ಕೆ ನಿಲ್ಲಲಿಲ್ಲ. ಗಂಡನನ್ನು ಜೀಪಿಗೆ ಹತ್ತಿಸಿ, ತೋಟದ ಉಸ್ತುವಾರಿ ನೋಡುವ ರೈಟರ್ ರುದ್ರೇಶನಿಗೆ ಓಡಿಸಲು ಹೇಳಿ, ಬಣಕಲ್ಲಿನ ಆಚೆ ಬೆಳೆಗಾರರೇ ಸೇರಿ ಕಟ್ಟಿಸಿದ ಆಸ್ಪತ್ರೆಗೆ ಬಂದಿಳಿದರು.

ಆ ಆಸ್ಪತ್ರೆಯ ಕಮಿಟಿಯಲ್ಲಿ ಮಲ್ಲಿಕಾರ್ಜುನಪ್ಪನವರದೇ ದೊಡ್ಡ ದನಿ. ಮೊದಲು ಅಲ್ಲಿ ಎಮರ್ಜೆನ್ಸಿಗೆ ಇಬ್ಬರು ಡಾಕ್ಟರಿದ್ದರು. ಒಬ್ಬರು ಮದುವೆಯಾಗಿ ಹೋದರು, ಇನ್ನೊಬ್ಬರು ಮಳೆಗೆ ಹೆದರಿ ಹೋದರು. ಬೇರೆಯವರನ್ನು ಹುಡುಕೋಣ ಎಂದವರ ಬಾಯಿ ಮುಚ್ಚಿಸಿದವರು ಇವರೇ.

"ತೋಟಕ್ಕೆ ಓನರ್ ದಿನಾ ಬರ್ಬೇಕಾ? ರೈಟರ್ ಇದ್ರೆ ಸಾಕು. ಹೆಚ್ಚುಕಮ್ಮಿ ಆದ್ರೆ ಓನರ್‌ಗೆ ಒಂದು ಫೋನು, ಮುಗೀತು" ಎಂದಿದ್ದರು.

ಹೀಗಾಗಿ ಈಗ ಎಮರ್ಜೆನ್ಸಿ ನೋಡಿಕೊಳ್ಳುತ್ತಿದ್ದವಳು ಅರ್ಚನಾ, ಡಾಕ್ಟರ ಕೈಕೆಳಗೆ ಕೆಲಸ ಮಾಡುವ ಫಿಸಿಶಿಯನ್ ಅಸಿಸ್ಟೆಂಟ್ ಕೋರ್ಸ್ ಓದಿದ ಹುಡುಗಿ. ಡಾಕ್ಟರ್ ಜಯಪ್ರಕಾಶ್ ಮಂಗಳೂರಿನಲ್ಲಿದ್ದುಕೊಂಡು ಫೋನಿನಲ್ಲಿ ಸಿಗುತ್ತಿದ್ದರು. ಎಂಥಾ ಅಚ್ಚುಕಟ್ಟು ವ್ಯವಸ್ಥೆ ಎಂದು ಗಂಡ ಮನೆಗೆ ಬಂದು ಬೀಗಿದ್ದನ್ನು ಮುದ್ದಮ್ಮ ಮರೆತಿರಲಿಲ್ಲ. ಕಮಿಟಿಯ ಮೀಟಿಂಗ್ ನಡೆಯುವುದು ಕ್ಲಬ್ಬಿನಲ್ಲಿ, ಆಸ್ಪತ್ರೆಯಲ್ಲಲ್ಲ; ಅಲ್ಲಿ ಕೆಲಸ ಮಾಡುವವರ ಮುಖ ಗಂಡನಿಗೆ ಅಷ್ಟಾಗಿ ಗೊತ್ತಿರಲಿಲ್ಲ.

"ಡಾಕ್ಟ್ರೆಲ್ಲಿ?" ಮಂಚದ ಮೇಲೆ ಕೂತ ಮಲ್ಲಿಕಾರ್ಜುನಪ್ಪ ಕೇಳಿದರು.

"ನಾನು ನೋಡ್ತೀನಿ ಸರ್. ಅಂಗಿ ಬಿಚ್ಚಿ, ಈಸಿಜಿ ತೆಗೀಬೇಕು" ಎಂದಳು ಅರ್ಚನಾ.

"ನೀನು ನಮ್ಮ ತೋಟದ ಮೇಸ್ತ್ರಿ ಚಿಕ್ಕಯ್ಯನ ಮಗಳಲ್ವಾ?"

"ಹೌದು ಸರ್."

"ನಾನು ಡಾಕ್ಟ್ರಿಗೇ ತೋರ್ಸೋದು."

ಅರ್ಚನಾ ಮಂಗಳೂರಿಗೆ ಫೋನು ಹಚ್ಚಿ ಅವರ ಮುಖದ ಮುಂದೆ ಹಿಡಿದಳು. ತಾನೇ ಡಾಕ್ಟರು ಎಂದು ಜಯಪ್ರಕಾಶ್ ಅದರೊಳಗಿಂದ ಹೇಳಿದರು.

"ಫೋನಲ್ಲಿ ಎಂಥ ಡಾಕ್ಟ್ರು ಮಾರಾಯ್ರೆ? ಫೋಟೋ ನೋಡಿ ಕಾಫಿ ರುಚಿ ಹೇಳಕ್ಕಾಗುತ್ತಾ?" ಎಂದು ಮಲ್ಲಿಕಾರ್ಜುನಪ್ಪ ಅಂಗಿಯ ಗುಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಅರ್ಚನಾ ಮುದ್ದಮ್ಮನ ಕಿವಿಯ ಹತ್ತಿರ ಬಂದಳು. "ಅಮ್ಮಾ, ಇದು ಹಾರ್ಟ್ ಅಟ್ಯಾಕೇ ಅನ್ಸುತ್ತೆ. ತಡ ಮಾಡಿದಷ್ಟೂ ಕಷ್ಟ."

ಈ ಮನುಷ್ಯ ಕಾಯಿಲೆಯಿಂದಲ್ಲ, ಹಠದಿಂದಲೇ ಸಾಯುತ್ತಾನಲ್ಲಪ್ಪಾ ಶಿವನೇ ಎಂದುಕೊಂಡರು ಮುದ್ದಮ್ಮ. ಮಾಡಿದ್ದುಣ್ಣೋ ಮಹಾರಾಯ ಎನ್ನೋಣವೆಂದರೆ, ಉಣ್ಣುತ್ತಿರುವವನು ಕಟ್ಟಿಕೊಂಡ ಗಂಡ.

ಆಗ ಆಂಬುಲೆನ್ಸ್ ಡ್ರೈವರ್ ಯೋಗೇಶ್ ಒಳಗೆ ಬಂದ. ಬಿಳಿ ಅಂಗಿ, ಮುಂದೆ ಬಂದ ಹೊಟ್ಟೆ, ಮೂಗಿನ ತುದಿಗೆ ಇಳಿದ ಕನ್ನಡಕ. ಡೀಸೆಲ್ ಹಾಕಿಸಬೇಕೇ ಎಂದು ಕೇಳಲು ಬಂದಿದ್ದ.

"ಬನ್ನಿ ಡಾಕ್ಟ್ರೇ" ಎಂದು ಮಲ್ಲಿಕಾರ್ಜುನಪ್ಪ ಗುಂಡಿ ಬಿಚ್ಚತೊಡಗಿದರು. ಡಾಕ್ಟರಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೆ ಎದೆ ಹಿಂಡುವಾಗ ಮನುಷ್ಯನ ಕಣ್ಣಿಗೆ ಬೇಕಾದದ್ದೇ ಬೀಳುತ್ತದೆ.

ಯೋಗೇಶ್ ಬಾಯಿ ತೆರೆದ. ಮುದ್ದಮ್ಮ ಅವನನ್ನು ಒಮ್ಮೆ ನೋಡಿದರು. ಅವನು ಬಾಯಿ ಮುಚ್ಚಿದ.

"ಡಾಕ್ಟ್ರು ನಿಂತು ನೋಡ್ತಾರೆ, ಅರ್ಚನಾ ಮಾಡ್ತಾಳೆ. ಅಲ್ವಾ ಡಾಕ್ಟ್ರೇ?" ಎಂದರು ಮುದ್ದಮ್ಮ.

"ಹ್ಞೂಂ" ಎಂದ ಯೋಗೇಶ್, ಕೈ ಹಿಂದೆ ಕಟ್ಟಿಕೊಂಡು.

ಎದೆಯ ಮೇಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಮುದ್ದಮ್ಮ ತಾವೇ ಬಿಚ್ಚಿ ಗಂಡನ ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟಿಸಿದರು. ಅರ್ಚನಾ ಈಸಿಜಿ ತೆಗೆದು ಮಂಗಳೂರಿಗೆ ಕಳಿಸಿದಳು. ಹಾರ್ಟ್ ಅಟ್ಯಾಕೇ ಎಂದು ಖಚಿತಪಡಿಸಿದ ಜಯಪ್ರಕಾಶ್ ಮುಂದೆ ಏನೇನು ಮಾಡಬೇಕೆಂದು ಹೇಳುತ್ತ ಹೋದರು. ಅವಳು ಮಾತ್ರೆ ಅಗಿಸಿದಳು, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟಳು. ಒಂದೊಂದಕ್ಕೂ ಮಲ್ಲಿಕಾರ್ಜುನಪ್ಪ ಯೋಗೇಶನ ಮುಖ ನೋಡುವರು, ಯೋಗೇಶ್ ತಲೆಯಾಡಿಸುವನು. ಒಮ್ಮೆ ಮಾತ್ರ ಈಸಿಜಿ ಕಾಗದವನ್ನು ದೂರ ಹಿಡಿದು, "ಏರು, ಇಳುಕಲು ಜಾಸ್ತಿ ಇದೆ" ಎಂದ. ಮಲ್ಲಿಕಾರ್ಜುನಪ್ಪನವರಿಗೆ ಅವನ ಮೇಲೆ ನಂಬಿಕೆ ಇನ್ನೂ ಬಲವಾಯಿತು.

ಚಿಕ್ಕಮಗಳೂರಿನ ದೊಡ್ಡ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು, ಅರ್ಚನಾ ಜೊತೆಗೇ ಹೋಗಬೇಕು ಎಂದು ಫೋನಿನಲ್ಲಿ ಅಪ್ಪಣೆಯಾಯಿತು. ಆಂಬುಲೆನ್ಸ್ ಹೊರಟಿತು. ಬಣಕಲ್ ಹತ್ತಿರವಾಗುವಷ್ಟರಲ್ಲಿ ನೋವು ಸ್ವಲ್ಪ ಸಡಿಲಾಗಿ, ಮಲ್ಲಿಕಾರ್ಜುನಪ್ಪ ಸುತ್ತ ಕಣ್ಣಾಡಿಸಿದರು.

"ಡಾಕ್ಟ್ರು ಬರ್ಲಿಲ್ವಾ?"

"ಬಂದಿದಾರಲ್ಲ. ಮುಂದೆ ಕೂತು ಗಾಡಿ ಓಡಿಸ್ತಿದಾರೆ" ಎಂದರು ಮುದ್ದಮ್ಮ.

ಮಲ್ಲಿಕಾರ್ಜುನಪ್ಪ ಮುಂದಿನ ಸೀಟಿನ ಬಿಳಿ ಅಂಗಿಯನ್ನು ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಇಂಜೆಕ್ಷನ್ ಕೊಟ್ಟಿದ್ದು?"

"ರೈಟರ್" ಎಂದು ಮುದ್ದಮ್ಮ ಅರ್ಚನಾಳ ಕಡೆ ಕೈ ತೋರಿಸಿದರು. "ಓನರ್ ಫೋನಲ್ಲಿದ್ರು. ನೀವೇ ಮಾಡಿದ ವ್ಯವಸ್ಥೆ ಅಲ್ವಾ!"

ಇಷ್ಟು ಹೇಳಿದ್ದೇ ಮುದ್ದಮ್ಮನಿಗೆ ಅಲ್ಲಿಯವರೆಗೆ ತಡೆದಿದ್ದ ಅಳು ಒಮ್ಮೆಲೇ ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಮಲ್ಲಿಕಾರ್ಜುನಪ್ಪ ಅರ್ಚನಾಳ ಕಡೆ ತಿರುಗಿದರು. "ಉಳಿತೀನಾ ಮಗಾ?"

"ಈಗ ಪರವಾಗಿಲ್ಲ ಸರ್. ಅಲ್ಲಾಡ್ಬೇಡಿ."

ಅವರು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಏನೋ ಹೊಳೆದಂತೆ ಕಣ್ಣು ಬಿಟ್ಟರು. "ಅಲ್ಲಾ, ನೀನು ಇಲ್ಲಿದೀಯ. ಅಲ್ಲಿ ಎಮರ್ಜೆನ್ಸೀಲಿ ಈಗ ಯಾರಿದಾರೆ?"

"ಯಾರೂ ಇಲ್ಲ ಸರ್."

"ಫೋನು?"

"ಫೋನೂ ನನ್ನತ್ರಾನೇ ಇದೆ."

ಎದುರಿನಿಂದ ಒಂದು ಜೀಪು ಬಿಡದೆ ಹಾರ್ನ್ ಒತ್ತುತ್ತ ಬಂತು. ಯೋಗೇಶ್ ಬದಿಗೆ ಸರಿದು ದಾರಿ ಬಿಟ್ಟ. ಆ ಜೀಪಿನ ಹಿಂದುಗಡೆ ಕಾಫಿ ಕೊಯ್ಯುವ ಹೆಂಗಸರು ಯಾರನ್ನೋ ಕಂಬಳಿಯಲ್ಲಿ ಮಲಗಿಸಿಕೊಂಡು ಕೂತಿದ್ದರು.

"ಗಾಡಿ ನಿಲ್ಸಕ್ಕೆ ಹೇಳು" ಎಂದರು ಮಲ್ಲಿಕಾರ್ಜುನಪ್ಪ.

"ನಿಮ್ಮನ್ನ ಬಿಟ್ಟು ಇಳಿಯಂಗಿಲ್ಲ ಸರ್" ಎಂದಳು ಅರ್ಚನಾ. ಅವಳೂ ಆ ಜೀಪನ್ನೇ ನೋಡುತ್ತಿದ್ದಳು.

ಮಲ್ಲಿಕಾರ್ಜುನಪ್ಪ ಕೈಯಲ್ಲಿದ್ದ ಕರಡಿಗೆಯನ್ನು ಎದೆಗೊತ್ತಿಕೊಂಡರು. ಮುದ್ದಮ್ಮ ಕಣ್ಣೊರೆಸಿಕೊಂಡು, ಹಿಂದಿನ ಗಾಜಿನಲ್ಲಿ ಆ ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು. ಅದು ಬೆಳೆಗಾರರ ಆಸ್ಪತ್ರೆಗೇ ಹೋಗುತ್ತಿತ್ತು.