ಕಾರಿನೊಳಗಿನ ಕೊಡ

"ಬಾಗಲದಾಗ ಹಿಡಿಯೂದಿಲ್ಲ, ಕೆಳಗ ಇಳಸ್ರಿ," ಎಂದ ಮಧುಕೇಶ್ವರ. ನಾಲ್ವರು ಹೊತ್ತು ತಂದ ದ್ಯಾಮಪ್ಪನ ದೇಹ ವ್ಯಾನಿನ ಹಿಂಬಾಗಿಲಿಗೆ ತಾಗಿ ನಿಂತಿತ್ತು.

ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವ ಮನೆತನ ಅದು. ಬೆಳಗ್ಗೆ ಬನವಾಸಿ ಕಡೆಯಿಂದ ಬಂದ ತಮ್ಮ ಮಧುಕೇಶ್ವರ, ಗಾಡಿಯ ವಿಚಾರವನ್ನೇ ಮಾಡದೆ, ಅಣ್ಣನನ್ನು ಗೋಡೆಗೆ ಒರಗಿಸಿ ಪದ್ಮಾಸನ ಹಾಕಿಸಿ ವಿಭೂತಿ ಹಚ್ಚಿಬಿಟ್ಟಿದ್ದ. ಹೆಣವನ್ನು ಕೂರಿಸಿ ಹೊರುವ ವಿಮಾನ ಕಟ್ಟಿದ್ದು ಅತ್ತ ಊರಿನಲ್ಲಿ, ಮಣ್ಣು ಮಾಡುವುದೂ ಅಲ್ಲೇ. ಇಲ್ಲಿ ಶಿರಸಿಯಲ್ಲಿ ಟೆಂಪೋ, ಲಾರಿಗಳೆಲ್ಲ ಚುನಾವಣೆ ಕೆಲಸಕ್ಕೆ ಹೋಗಿದ್ದವು. ಸಿಕ್ಕ ಒಂದು ವ್ಯಾನಿನಲ್ಲಿ ಹೆಣ ಮಲಗಿಸಲಿಕ್ಕೆ ಮಾತ್ರ ಜಾಗ. ಅಷ್ಟರಲ್ಲಿ ಮೈ ಸೆಟೆದುಹೋಗಿತ್ತು.

"ಕಾಲು ಬಿಡಿಸಿ ಮಲಗಸೂಣೇನು?" ಎಂದು ಯಾರೋ ಕೇಳಿದರು.

"ಮುರೀಬೇಕಾಗತೈತಿ," ಎಂದ ಮಧುಕೇಶ್ವರ. ಅಂದವನೇ ತಲೆ ತಗ್ಗಿಸಿದ.

"ಜನ್ಮಪೂರ್ತಿ ಲೇತಿನ ಮುಂದ ನಿಂತು ದುಡದ ಕಾಲು ಅವು. ಮುಟ್ಟಬ್ಯಾಡ್ರಿ," ಎಂದಳು ದ್ಯಾಮಪ್ಪನ ಹೆಂಡತಿ ಅನ್ನಪೂರ್ಣವ್ವ. "ಹೊತ್ತು ಮುಳುಗೂದ್ರಾಗ ಅವರನ್ನ ಕೂತಂಗ ಊರಿಗೆ ಮುಟ್ಟಸ್ರಿ. ನಾ ಕೇಳೂದು ಅಷ್ಟ."

ಗೇಟಿನ ಬಳಿ ನಿಂತಿದ್ದ ಹೆಗಡೆಕಟ್ಟಾದ ಶಾಂತಾರಾಮ ಹೆಗಡೆ ಮೆಲ್ಲಗೆ ಹೇಳಿದರು, "ನನ್ನ ಆಸ್ಟಿನ್ ಇದೆ ಅಕ್ಕ. ಬಾಗಿಲು ಕಳಚಿದ್ರೆ ಹಿಂದಿನ ಸೀಟಲ್ಲಿ ಹಿಡೀತದೆ."

ಅನ್ನಪೂರ್ಣವ್ವ ಮುಖ ತಿರುಗಿಸಿದಳು. ಆ ಹಳೇ ಕಾರನ್ನು ಅವಳು ಒಂದು ದಿನವೂ ಹತ್ತಿದವಳಲ್ಲ. ಯಾಕೆಂದು ಓಣಿಗೆಲ್ಲ ಗೊತ್ತಿತ್ತು.

*

ತೊಂಬತ್ಮೂರರ ಬೇಸಿಗೆ. ಆಸ್ಟಿನ್ನಿನ ಇಂಜಿನ್ನಿಗೆ ನೀರು ತಳ್ಳುವ ಪಂಪಿನ ಒಳಚಕ್ರ ತುಕ್ಕು ಹಿಡಿದು ತಿಂದುಹೋಗಿತ್ತು. ಹುಬ್ಬಳ್ಳಿಯಲ್ಲಿ ಹುಡುಕಿದ್ದಾಯಿತು, ಮುಂಬೈಗೆ ಹೇಳಿಕಳಿಸಿದ್ದಾಯಿತು, ಆ ಸಾಮಾನು ಎಲ್ಲೂ ಇಲ್ಲ. ದ್ಯಾಮಪ್ಪ ತನ್ನ ಲೇತಿನ ಶೆಡ್ಡಿನಲ್ಲಿ ಹಳೆಯ ಪಿಸ್ಟನ್ ಕರಗಿಸಿ ಅಲ್ಯೂಮಿನಿಯಂ ಚಕ್ರ ಎರೆದ. ಮಳೆಗಾಲ ಬರುವುದರೊಳಗೆ ಅದೂ ತೂತುಬಿತ್ತು.

"ಚಲೋ ಹಿತ್ತಾಳಿ ಬೇಕ್ರಿ ಹೆಗಡೇರ. ಗುಜರಿ ಮಾಲು ನಂಬೂಹಂಗಿಲ್ಲ."

ಮರುದಿನ ಬಟ್ಟೆ ಒಗೆದು ಬಂದ ಅನ್ನಪೂರ್ಣವ್ವನಿಗೆ ಬಚ್ಚಲಲ್ಲಿ ಹಿತ್ತಾಳೆ ಕೊಡ ಕಾಣಲಿಲ್ಲ. ಶೆಡ್ಡಿಗೆ ಹೋಗಿ ನೋಡಿದರೆ ಕೊಡದ ಕಂಠವೊಂದೇ ನೆಲದ ಮೇಲೆ ಬಿದ್ದಿತ್ತು. ಉಳಿದದ್ದು ಮೂಸೆಯಲ್ಲಿ ಕರಗಿ ಕೆಂಪಗೆ ಕುದಿಯುತ್ತಿತ್ತು.

"ಅದು ನಮ್ಮವ್ವ ಕೊಟ್ಟ ಕೊಡಾ."

"ಬದಲಿ ಸಾಮಾನು ಸಿಕ್ಕ ದಿನಾ ಚಕ್ರ ತಗದು ನಿನ್ನ ಕೈಯಾಗ ಇಡ್ತೀನಿ. ತಂಬಗಿ ಆದ್ರೂ ಮಾಡಿಸ್ಕೊ," ಎಂದ ದ್ಯಾಮಪ್ಪ, ಮೂಸೆಯಿಂದ ಕಣ್ಣು ಕೀಳದೆ.

ಕೇಳದೆ ಮುಟ್ಟಿದ್ದು ತಪ್ಪು, ಆ ತಪ್ಪನ್ನು ಅವಳು ಮರೆಯಲಿಲ್ಲ. ಹಿತ್ತಾಳೆ ಚಕ್ರ ಕಾರಿನೊಳಗೆ ಕೂತಿತು, ಮನೆಗೆ ಸ್ಟೀಲಿನ ಕೊಡ ಬಂತು. ಅದರ ನೀರಿಗೆ ರುಚಿ ಇಲ್ಲವೆಂದಳು. ಓಣಿಯಲ್ಲಿ ಆಸ್ಟಿನ್ನಿನ ಹಾರ್ನ್ ಕೇಳಿದಾಗಲೆಲ್ಲ, "ಹೋಗ್ರಿ, ನನ್ನ ಕೊಡಾ ಬಂತು," ಎಂದು ಗಂಡನನ್ನು ಚುಚ್ಚುವಳು. ಅವನು ನಕ್ಕು ಎದ್ದುಹೋಗುವನು. ಹೆಗಡೆಯವರು ಕಾರು ಹತ್ತೆಂದರೆ, "ಎಣ್ಣಿ ಅರಿವ್ಯಾಗ ಹ್ಯಾಂಗ ಕೂಡಲ್ರಿ, ಸೀಟು ಹೊಲಸಾಗತೈತಿ," ಎನ್ನುವನು.

*

"ಕಾರು ತರ್ರಿ," ಎಂದಳು ಅನ್ನಪೂರ್ಣವ್ವ.

ಬಾಗಿಲು ಕಳಚಿದರು. ದ್ಯಾಮಪ್ಪನನ್ನು ಸೀಟಿನ ನಡುವೆ ಕೂರಿಸಿ, ಒಂದು ಪಕ್ಕ ಅವಳು, ಇನ್ನೊಂದು ಪಕ್ಕ ಮಧುಕೇಶ್ವರ ಹಿಡಿದುಕೊಂಡರು. ಏಪ್ರಿಲ್ಲಿನ ಬಿಸಿಲು ನೆತ್ತಿ ಸುಡುತ್ತಿತ್ತು. ಏರಿನಲ್ಲಿ ಇಂಜಿನ್ನಿನ ಶಾಖ ತೋರಿಸುವ ಮುಳ್ಳು ಮೇಲಕ್ಕೆ ಸರಿದಾಗ ಹೆಗಡೆಯವರ ಕುತ್ತಿಗೆ ಬೆವೆತಿತು.

"ನಡುವ ನಿಲ್ಲೂದಿಲ್ಲ ಹೌದಿಲ್ರಿ?" ಎಂದು ಕೇಳಿದಳು ಅನ್ನಪೂರ್ಣವ್ವ.

"ಪಂಪು ನೀರು ತಳ್ಳಿದ್ರೆ ನಿಲ್ಲೂದಿಲ್ಲ."

ಅವಳು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟಳು. "ಇದರಾಗ ಅದರ ಸಪ್ಪಳ ಯಾವುದ್ರಿ?"

"ಅದು ಕೇಳೂದಿಲ್ಲ ಅಕ್ಕ. ಕೇಳಿದ್ರೆ ಕೆಟ್ಟಿದೆ ಅಂತ ಲೆಕ್ಕ."

ಅಲ್ಲಿಂದ ಊರು ಮುಟ್ಟುವ ತನಕ ಗಂಡನ ಹೆಗಲು ಹಿಡಿದು ಅವಳು ಅದನ್ನೇ ಆಲಿಸುತ್ತ ಕೂತಳು. ಕೇಳಲಿಲ್ಲ. ಮುಳ್ಳು ಒಂದು ಕಡೆ ನಿಂತಿತು.

ಹೊತ್ತು ಮುಳುಗುವ ಮೊದಲೇ ವಿಮಾನ ಎದ್ದಿತು. ಅಯ್ಯನವರು ವಿಧಿ ಮುಗಿಸಿದರು. ವಿಭೂತಿ, ಪತ್ರಿ, ಉಪ್ಪು, ಆಮೇಲೆ ಹೊಲದ ಮಣ್ಣು.

ಜನ ಕೈಕಾಲು ತೊಳೆಯಲು ಹೋದಾಗ, ಹೆಗಡೆಯವರು ಕಾರಿನ ಬಾನೆಟ್ ಎತ್ತಿ ನಿಂತಿದ್ದರು. ಅನ್ನಪೂರ್ಣವ್ವ ಹತ್ತಿರ ಬಂದಳು.

"ಅಕ್ಕ, ಹೇಳದೇ ಇರೂದು ಸರಿಯಲ್ಲ. ಬದಲಿ ಚಕ್ರ ಹೋದ ವರ್ಷವೇ ಮುಂಬೈಯಿಂದ ಬಂತು. ದ್ಯಾಮಪ್ಪನ ಕೈಗೇ ಕೊಟ್ಟಿದ್ದೆ. ಯಾವಾಗ ಕೇಳಿದ್ರೂ, ಆಕಿ ಕೊಡಾ ಇನ್ನೊಂದಿಷ್ಟು ದಿನ ಓಡ್ಲಿ, ನಾಳೆ ಹಾಕಾಣ ಅಂತ ನಗ್ತಿದ್ದ. ಲೇತಿನ ಮೇಲಿನ ಹಲಗೆಯಲ್ಲಿ ಹಾಗೇ ಉಂಟು. ಬಿಚ್ಚಿಸಿ ನಿಮ್ಮ ಹಿತ್ತಾಳೆ ನಿಮಗೆ ತಂದುಕೊಡ್ತೇನೆ."

ಅವಳು ಹಸಿ ಮಣ್ಣಿನ ಕಡೆಗೆ ತಿರುಗಿದಳು.

"ಸುಳ್ಳ ಮನಷ್ಯಾ," ಎಂದಳು. ಬೆಳಗಿನಿಂದ ಅಳದಿದ್ದವಳು ಆಗ ಬಿಕ್ಕಿ ಬಿಕ್ಕಿ ಅತ್ತಳು.

ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಬಿಚ್ಚಬ್ಯಾಡ್ರಿ, ಇರ್ಲಿ. ನೀರು ಕಡಿಮಿ ಆಗೇತೇನು?"

"ಸ್ವಲ್ಪ ಇಳಿದಿದೆ. ಹಾಕ್ಬೇಕು."

ಅವಳು ಹೊಲದ ಬೋರಿನಿಂದ ಕೊಡದಲ್ಲಿ ನೀರು ತಂದಳು. ರೇಡಿಯೇಟರ್ ಆರಿದ ಮೇಲೆ ಹೆಗಡೆಯವರು ಮುಚ್ಚಳ ತೆಗೆದರು. ಅವಳು ಕಣ್ಣು ಮುಚ್ಚಿ ಸಣ್ಣಗೆ ಸುರಿಯತೊಡಗಿದಳು. ಒಳಗೆ ಬುಳುಬುಳು ಸದ್ದು ಮೇಲೇರುತ್ತ ಬಂತು. ಕಂಠಮಟ್ಟ ತುಂಬಿದ್ದು ಕಿವಿಗೇ ತಿಳಿದು, ಕೊಡ ಎತ್ತಿ ಹಿಡಿದಳು. ಒಂದು ಹನಿಯೂ ಹೊರಗೆ ಚೆಲ್ಲಿರಲಿಲ್ಲ.