ಮೊದಲ ದಿನದ ನೀರು

ಜೀವಕೋಶಗಳ ಕೋಣೆಯ ಮೇಲ್ವಿಚಾರಕಿಗೆ ಪ್ರಯೋಗಾಲಯದವರೆಲ್ಲ ಸೇರಿ ಅತ್ತೆ ಎಂದು ಹೆಸರಿಟ್ಟಿದ್ದರು. ಅವಳಿಗೆ ಮದುವೆಯಾಗಿರಲಿಲ್ಲ, ಸೊಸೆಯ ಮಾತಂತೂ ದೂರವೇ ಉಳಿಯಿತು. ಆದರೂ ಆ ಹೆಸರು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಬೆಳಿಗ್ಗೆ ಕೋಣೆಯ ಬೀಗ ತೆಗೆಯುವುದೇ ತಡ, ಸಹಸ್ರನಾಮ ಶುರು. ಕೈಗವಸು ಹಾಕಿಕೊಂಡೇ ಬಾಗಿಲ ಹಿಡಿ ಮುಟ್ಟಿದವನು ಕತ್ತೆ. ಕಾವುಪೆಟ್ಟಿಗೆಯನ್ನು ತೆರೆದಿಟ್ಟು ಫೋನಿನಲ್ಲಿ ಹರಟಿದವಳು ದಂಡಪಿಂಡ. ಮೇಲಿನ ಮಹಡಿಯವರು ಸಾರಾಸಗಟಾಗಿ ಅವಿವೇಕಿಗಳು. ಬೈದದ್ದರಲ್ಲಿ ಸುಳ್ಳೇನೂ ಇರುತ್ತಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಆ ಕಟ್ಟಡದಲ್ಲಿ ಅವಿವೇಕಕ್ಕೆ ಬರವಿರಲಿಲ್ಲ.

ಅವಿವೇಕಿಗಳಿಗೆಲ್ಲ ಮುಖ್ಯಸ್ಥ ಟೈ. ಎಂಥ ಸೆಖೆಯಲ್ಲೂ ಕುತ್ತಿಗೆಗೆ ಟೈ ಬಿಗಿದುಕೊಂಡು ಓಡಾಡುವ ಈ ಮಹಾಶಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಯಾವ ಕಾಲವಾಗಿತ್ತೋ. ಕ್ಯಾಮೆರಾಕ್ಕೆ ಮುಖ ಕೊಡುವುದರಲ್ಲಿ ಮಾತ್ರ ಚೆನ್ನಾಗಿ ಪಳಗಿದ್ದ. ಈಗ ಅವನ ಕೈಗೆ ಒಂದು ಔಷಧ ಸಿಕ್ಕಿತ್ತು. ನಂಜೇರಿದ ರೋಗಿಯನ್ನು ಎಷ್ಟೋ ಸಲ ಕೊಲ್ಲುವುದು ಬ್ಯಾಕ್ಟೀರಿಯಾ ಅಲ್ಲ, ಅದನ್ನು ಕಂಡು ಬಿಳಿ ರಕ್ತಕಣಗಳು ಎಬ್ಬಿಸುವ ರಂಪ. ಆ ರಂಪವನ್ನು ಅಡಗಿಸುವ ಪ್ರೋಟೀನು ತನ್ನ ಬಳಿ ಇದೆ ಎಂದು ಟೈ ಕಂಡಕಂಡಲ್ಲಿ ಡಂಗುರ ಸಾರುತ್ತಿದ್ದ. ಅದನ್ನು ತಯಾರಿಸುತ್ತಿದ್ದುದೂ ಬ್ಯಾಕ್ಟೀರಿಯಾಗಳ ಹೊಟ್ಟೆಯೊಳಗೇ. ಆಮೇಲೆ ಅವನ್ನು ಒಡೆದು, ಸೋಸಿ, ಪ್ರೋಟೀನನ್ನಷ್ಟೇ ಹೊರತೆಗೆಯುತ್ತಿದ್ದರು. ಹಾಗೆಂದು ಅವರು ನಂಬಿದ್ದರು.

ಪ್ರಯೋಗಗಳನ್ನು ಮಾಡಿದ್ದು ಟೈಯ ಮೆಚ್ಚಿನ ಶಿಷ್ಯರು, ಮೇಲಿನ ಮಹಡಿಯಲ್ಲಿ. ಅತ್ತೆ ಅತ್ತ ಕಾಲಿಡುತ್ತಿರಲಿಲ್ಲ. ಆ ಕೋಡಂಗಿಗಳ ಕೆಲಸವನ್ನು ನೋಡಿದರೆ ತನ್ನ ಕಣ್ಣೇ ಮೈಲಿಗೆಯಾಗುತ್ತದೆ ಎಂಬಂತೆ ಮೂಗು ಮುರಿದುಕೊಂಡು ಕೆಳಗೇ ಇದ್ದಳು. ನೋಡದೆಯೇ ತೀರ್ಪು ಕೊಡುವ ಸುಖ ಅವಳಿಗೆ ಚೆನ್ನಾಗಿ ರೂಢಿಯಾಗಿತ್ತು.

ಅವಳನ್ನು ಮೇಲಕ್ಕೆ ಹತ್ತಿಸಿದ್ದು ಅವಳ ತಮ್ಮ. ಲಿಫ್ಟ್ ರಿಪೇರಿ ಮಾಡುವವನು. ಅಮ್ಮ ತೀರಿಕೊಂಡಾಗ ಇನ್ನೂ ತೊದಲುತ್ತಿದ್ದ, ಇವಳೇ ಮೂಗು ಒರೆಸಿ, ತಲೆ ಬಾಚಿ, ಬೈದು ಬೆಳೆಸಿದಳು. ರಜೆಯ ದಿನ ಮಧ್ಯಾಹ್ನ ಅವಳ ಮನೆಗೆ ಊಟಕ್ಕೆ ಬಂದವನು ಅನ್ನ ಕಲಸುತ್ತಲೇ ಸುದ್ದಿ ಬಿಚ್ಚಿದ. ಹೊಸ ಔಷಧವನ್ನು ಮೊದಲು ಆರೋಗ್ಯವಂತರಿಗೆ ಕೊಟ್ಟು ನೋಡುತ್ತಾರಂತೆ. ಮೊಟ್ಟಮೊದಲನೆಯವನಾಗಿ ಇವನೇ ಒಪ್ಪಿದ್ದಾನಂತೆ, ಆಸ್ಪತ್ರೆಯ ಲಿಫ್ಟ್ ಸರಿಮಾಡಲು ಹೋದಾಗ ಡಾಕ್ಟರು ಕೇಳಿದರಂತೆ.

“ನಿಮ್ಮಲ್ಲಿ ಮಾಡಿರೋ ಔಷಧ ಅಂದ್ಮೇಲೆ ನಂಗೇನು ಭಯ? ನೀನಿದ್ದೀಯಲ್ಲ,” ಅಂದ.

ಅವಳು ಬೈದಳು. ತಲೆಯಲ್ಲಿ ಮೆದುಳಿನ ಬದಲು ನಟ್ಟು ಬೋಲ್ಟು ತುಂಬಿಕೊಂಡಿದ್ದೀಯಾ ಅಂದಳು, ಯಾರೋ ಬೆನ್ನು ತಟ್ಟಿದರೆ ಬಾವಿಗೂ ಹಾರುವ ಪೆದ್ದ ಅಂದಳು. ಅವನು ತಲೆಯಾಡಿಸುತ್ತ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.

ಮರುದಿನ ಅತ್ತೆ ಮೇಲಿನ ಮಹಡಿಗೆ ಹೋಗಿ ಶಿಷ್ಯರ ಬೆನ್ನ ಹಿಂದೆ ನಿಂತಳು. ಅವರ ವಿಧಾನ ಹೀಗಿತ್ತು. ಮೊದಲ ದಿನ ತಟ್ಟೆಯ ಗುಣಿಗಳಲ್ಲಿರುವ ರಕ್ತಕಣಗಳಿಗೆ ಪ್ರೋಟೀನು ಹಾಕುತ್ತಾರೆ. ಎರಡನೆಯ ದಿನ ಕಣಗಳ ಸುತ್ತಲಿನ ನೀರನ್ನು ತೆಗೆದು, ಬ್ಯಾಕ್ಟೀರಿಯಾದ ಗೋಡೆಯ ಚೂರುಗಳನ್ನು ಹಾಕುತ್ತಾರೆ. ಕಣಗಳು ರಂಪ ಮಾಡಿದರೆ ಒಂದು ರಾಸಾಯನಿಕ ಹೊರಗೆ ಸುರಿಯುತ್ತದೆ, ಅದನ್ನು ಅಳೆದಾಗ ಗುಣಿ ಹಳದಿಯಾಗುತ್ತದೆ. ಪ್ರೋಟೀನು ಹಾಕದ ಗುಣಿಗಳೆಲ್ಲ ಗಾಢ ಹಳದಿ. ಪ್ರೋಟೀನು ಹಾಕಿದವು ನೀರಿನಷ್ಟು ತಿಳಿ. ಶಿಷ್ಯರು ಹಲ್ಲು ಕಿರಿದು ನಿಂತಿದ್ದರು.

ಅವಳ ಕಣ್ಣು ತಟ್ಟೆಯ ಮೇಲಿರಲಿಲ್ಲ, ಸಿಂಕಿನ ಮೇಲಿತ್ತು. ಮೊದಲ ದಿನದ ನೀರನ್ನು ಏನು ಮಾಡುತ್ತೀರಿ ಎಂದು ಕೇಳಿದಳು. ಚೆಲ್ಲುತ್ತೇವೆ ಅಂದರು. ಯಾವತ್ತಾದರೂ ಅಳೆದು ನೋಡಿದ್ದೀರಾ? ಯಾಕೆ ಅಳೆಯಬೇಕು, ಬ್ಯಾಕ್ಟೀರಿಯಾ ಹಾಕುವುದು ಎರಡನೆಯ ದಿನ ತಾನೆ ಅಂದರು. ಆ ಜಾಣರಿಗೆ ಓದು ಕಲಿಸಿದ ಮೇಷ್ಟ್ರುಗಳನ್ನೆಲ್ಲ ಅವಳು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಉಗಿದಳು.

ಬಿಳಿ ರಕ್ತಕಣಗಳ ಒಂದು ಗುಣ ಅವಳಿಗೆ ಗೊತ್ತಿತ್ತು, ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರಬೇಕಾದದ್ದೇ. ಬ್ಯಾಕ್ಟೀರಿಯಾದ ಚೂರು ಮೊದಲ ಸಲ ಸೋಕಿದಾಗ ಅವು ಬಾಯಿ ಬಡಿದುಕೊಳ್ಳುತ್ತವೆ. ಅದೇ ಚೂರು ಮರುದಿನ ಮತ್ತೆ ಸೋಕಿದರೆ ಸುಮ್ಮನಿರುತ್ತವೆ. ಸತ್ತಿರುವುದಿಲ್ಲ, ಕಿವುಡೂ ಆಗಿರುವುದಿಲ್ಲ. ಗೊತ್ತಾಗಿಯೂ ಅಲ್ಲಾಡುವುದಿಲ್ಲ, ಅಷ್ಟೇ. ಪುಸ್ತಕಗಳಲ್ಲಿ ಅದಕ್ಕೆ ಸಹಿಷ್ಣುತೆ ಎಂಬ ದೊಡ್ಡ ಹೆಸರಿದೆ. ಹಾಗಾದರೆ ಟೈಯ ಪ್ರೋಟೀನಿನಲ್ಲಿ ಅದನ್ನು ಹೆತ್ತ ಬ್ಯಾಕ್ಟೀರಿಯಾದ ಹೊಲಸು ಉಳಿದುಕೊಂಡಿದ್ದರೆ? ಕಣಗಳು ಮೊದಲ ದಿನವೇ ಅರಚಿ ಮುಗಿಸಿರುತ್ತವೆ, ಆ ಅರಚಾಟವನ್ನು ಈ ಬೃಹಸ್ಪತಿಗಳು ಸಿಂಕಿಗೆ ಸುರಿದಿರುತ್ತಾರೆ, ಎರಡನೆಯ ದಿನದ ಮೌನಕ್ಕೆ ಔಷಧ ಎಂದು ಹೆಸರಿಟ್ಟಿರುತ್ತಾರೆ.

ಅವಳು ಒಂದಿಷ್ಟು ಪ್ರೋಟೀನನ್ನು ಕೆಳಗೆ ತಂದು ಚೆನ್ನಾಗಿ ಕುದಿಸಿದಳು. ಕುದಿಸಿದರೆ ಪ್ರೋಟೀನು ಕೆಟ್ಟು ಕೆಲಸಕ್ಕೆ ಬಾರದಾಗುತ್ತದೆ, ಬ್ಯಾಕ್ಟೀರಿಯಾದ ಹೊಲಸು ಮಾತ್ರ ಜಗ್ಗುವುದಿಲ್ಲ. ಕುದಿಸಿದ ಗಂಜಿ ಕೂಡ ಕಣಗಳನ್ನು ಅಷ್ಟೇ ಚೆನ್ನಾಗಿ ಸುಮ್ಮನಾಗಿಸಿತು. ಮೊದಲ ದಿನದ ನೀರನ್ನೂ ಅಳೆದಳು. ಗುಣಿಗಳೆಲ್ಲ ಹಳದಿ ಹಳದಿಯಾಗಿ ಅವಳ ಮುಖ ನೋಡಿದವು. ಗೆದ್ದೆ ಅನ್ನಿಸಿತು. ಮರುಕ್ಷಣ ತಮ್ಮನ ತೋಳು ನೆನಪಾಯಿತು. ಅವನ ಮೈಯ ಕಣಗಳಿಗೆ ಇದು ಮೊದಲ ದಿನವೇ. ನೇರ ರಕ್ತಕ್ಕೆ, ಅದೂ ಅಷ್ಟೊಂದು ಹೊಲಸು ಹೋದರೆ ನಡುಕ, ಉರಿಜ್ವರ, ಆಮೇಲೆ ರಕ್ತದೊತ್ತಡ ಕುಸಿದು ಬಿದ್ದರೆ ಎತ್ತುವವರಿಲ್ಲ.

ತಟ್ಟೆ ಹಿಡಿದುಕೊಂಡು ಟೈಯ ಕೋಣೆಗೆ ನುಗ್ಗಿದಳು. ಕಿರುಚಾಟ ಮಾಡಬೇಕಿರಲಿಲ್ಲ, ತಟ್ಟೆಯೇ ಸಾಕಿತ್ತು. ಆದರೆ ಅಭ್ಯಾಸ ಬಿಡಬೇಕಲ್ಲ. ನಿಮ್ಮ ಔಷಧ ಚರಂಡಿ ನೀರು, ನಿಮ್ಮ ಶಿಷ್ಯರು ದನ ಕಾಯಲಿಕ್ಕೂ ನಾಲಾಯಕ್ಕು, ಸಹಿ ಹಾಕಿದ ನೀವು ಅವರಿಗಿಂತ ಕಡೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಟೈ ನಕ್ಕ. ಹೊಲಸು ಹುಡುಕುವ ಪರೀಕ್ಷೆಯಲ್ಲಿ ಔಷಧ ಪಾಸಾಗಿದೆ ಎಂದ. ಪ್ರೋಟೀನು ಹೊಲಸನ್ನು ತಬ್ಬಿಕೊಂಡರೆ ಆ ಪರೀಕ್ಷೆಯ ಕಣ್ಣಿಗೆ ಅದು ಬೀಳುವುದಿಲ್ಲ ಎಂದು ಇವಳು ಅರಚಿದಳು.

“ಹೋದ ವಾರ ಹೊಸ ಕುರ್ಚಿ ತರಿಸಿದಾಗ್ಲೂ ನೀವು ಇದೇ ಗಂಟಲಲ್ಲಿ ಕೂಗಿದ್ರಿ,” ಅಂದ ಟೈ. “ಹೋಗಿ, ಕಾಫಿ ಕುಡೀರಿ.”

ಆಸ್ಪತ್ರೆಯ ಡಾಕ್ಟರ ಬಳಿ ಓಡಿದಳು. ಅವರನ್ನೂ ಅವಳು ಹಿಂದೆ ಹತ್ತಾರು ಸಲ ತರಾಟೆಗೆ ತೆಗೆದುಕೊಂಡಿದ್ದವಳೇ. ಡಾಕ್ಟರು ತಟ್ಟೆಯ ಕಡೆ ಕಣ್ಣೆತ್ತಲಿಲ್ಲ, ಗೋಡೆ ಗಡಿಯಾರ ನೋಡುತ್ತ ಹೂಂಗುಟ್ಟಿ ಕಳಿಸಿದರು. ಮೆಟ್ಟಿಲಿಳಿಯುವಾಗ ಹಿಂದೆ ನರ್ಸುಗಳ ಪಿಸುಮಾತು ಕೇಳಿಸಿತು. ಅತ್ತೆ ಇವತ್ತು ಯಾರ ಮೇಲಂತೆ ಎಂದು ಒಬ್ಬಳು, ದಿನಾ ಇದ್ದದ್ದೇ ಬಿಡು ಎಂದು ಇನ್ನೊಬ್ಬಳು. ಅತ್ತೆ ಮೆಟ್ಟಿಲಲ್ಲೇ ನಿಂತಳು. ದಿನಾ ಇಷ್ಟಿಷ್ಟು ಬೈದು ಬೈದು ಪ್ರಯೋಗಾಲಯವನ್ನೂ ಆಸ್ಪತ್ರೆಯನ್ನೂ ತಾನೇ ಸುಮ್ಮನಾಗಿಸಿದ್ದೇನೆ ಎಂದು ಅವಳಿಗೆ ಹೊಳೆಯಿತು. ಕುರ್ಚಿಗೂ ಅದೇ ಗಂಟಲು, ಸಾವಿಗೂ ಅದೇ ಗಂಟಲು. ಇಷ್ಟು ವರ್ಷ ಮಂದಿಗೆ ಹಂಚಿದ ತಿರಸ್ಕಾರದಲ್ಲಿ ತನಗೆಂದು ಒಂದು ಚೂರೂ ಇಟ್ಟುಕೊಂಡಿರಲಿಲ್ಲ. ಅದೆಲ್ಲ ಈಗ ಒಟ್ಟಿಗೆ ಬಂತು.

ಆದರೂ ಸಂಜೆ ತಮ್ಮನಿಗೆ ಫೋನು ಮಾಡಿ ಮತ್ತೆ ಬೈದಳು. ಬೇರೆ ಏನು ಮಾಡಬೇಕೆಂದು ಗೊತ್ತಿದ್ದರೆ ತಾನೆ? ಅವನು ಆಕಳಿಸುತ್ತ ಆಯ್ತಕ್ಕಾ ಆಯ್ತಕ್ಕಾ ಅಂದ. ಆ ಆಯ್ತಕ್ಕಾ ಅವಳಿಗೆ ಗೊತ್ತಿದ್ದದ್ದೇ. ಸಿಗರೇಟು ಬಿಡು ಅಂದಾಗ, ಹೆಲ್ಮೆಟ್ಟು ಹಾಕು ಅಂದಾಗ ಬರುತ್ತಿದ್ದ ಆಯ್ತಕ್ಕಾ ಅದು.

ಮರುದಿನವೇ ಔಷಧ ಕೊಡುವ ದಿನ. ಬೆಳಿಗ್ಗೆ ಅವಳು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವನು ಹಸಿರು ಅಂಗಿ ತೊಟ್ಟು ಮಂಚದ ಮೇಲೆ ಮಲಗಿದ್ದ. ತೋಳಿಗೆ ಸೂಜಿ ಚುಚ್ಚಿ ಪಟ್ಟಿ ಅಂಟಿಸಿಯಾಗಿತ್ತು, ಔಷಧದ ಚೀಲ ಮೇಲೆ ತೂಗುತ್ತಿತ್ತು, ನಳಿಕೆ ಜೋಡಿಸುವುದೊಂದು ಬಾಕಿ. ಪಕ್ಕದಲ್ಲಿ ಡಾಕ್ಟರು. ಬಾಗಿಲ ಬಳಿ ಟೈ, ಫೋಟೋದವನಿಗೆ ಯಾವ ಕಡೆಯಿಂದ ತೆಗೆಯಬೇಕೆಂದು ಹೇಳಿಕೊಡುತ್ತಿದ್ದ. ಇವಳನ್ನು ಕಂಡು ಎಲ್ಲರೂ ಮುಖ ಬಿಗಿದುಕೊಂಡರು. ತಮ್ಮನೂ ನಗುತ್ತ ಕಣ್ಣು ಮುಚ್ಚಿದ, ಸುರಿಯುವ ಮಳೆಗೆ ಕೊಡೆ ಬಿಚ್ಚುವವನ ಹಾಗೆ.

ಬೈಗುಳಗಳು ನಾಲಗೆಯ ತುದಿಯಲ್ಲೇ ಇದ್ದವು, ಒಂದಕ್ಕಿಂತ ಒಂದು ಹರಿತ. ಅವಳು ಬಾಯಿ ತೆರೆದಳು, ಬಾಯಿ ಮುಚ್ಚಿದಳು. ಮಂಚದ ಅಂಚಿಗೆ ಕೂತುಬಿಟ್ಟಳು. ಅವನ ಕೈ ಹಿಡಿದುಕೊಂಡಳು. ಗ್ರೀಸಿನ ಕಪ್ಪು ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

“ನಂಗೆ ತುಂಬಾ ಭಯ ಆಗ್ತಿದೆ ಕಣೋ,” ಅಂದಳು. ಎಷ್ಟು ಮೆಲ್ಲಗೆಂದರೆ ಡಾಕ್ಟರು ಬಗ್ಗಿ ಕೇಳಿಸಿಕೊಳ್ಳಬೇಕಾಯಿತು. “ದಮ್ಮಯ್ಯ, ಎದ್ದು ಮನೆಗೆ ಬಾ.”

ತಮ್ಮ ಕಣ್ಣು ತೆರೆದ. ಅಕ್ಕನ ಮುಖವನ್ನು ಗುರುತು ಸಿಗದವನಂತೆ ನೋಡಿದ. ನಗು ಇಳಿಯಿತು, ಬಣ್ಣವೂ ಇಳಿಯಿತು. ಎದ್ದು ಕೂತು, ತೋಳಿನ ಪಟ್ಟಿಯನ್ನೂ ಸೂಜಿಯನ್ನೂ ತಾನೇ ಕಿತ್ತು, ಕಾಲು ಕೆಳಗಿಟ್ಟು ಚಪ್ಪಲಿ ಹುಡುಕತೊಡಗಿದ. ಟೈ ಧಾವಿಸಿ ಬಂದು ಇದೇನು ಹುಡುಗಾಟ, ಅವರು ಬೈಯುವುದು ಇಂದು ನಿನ್ನೆಯದಲ್ಲ, ಅದಕ್ಕೆಲ್ಲ ಹೆದರುತ್ತಾರಾ ಎಂದು ಗದರಿದ.

“ಇಲ್ಲ ಸಾರ್,” ಅಂದ ತಮ್ಮ. “ಇವತ್ತು ಅಕ್ಕ ಬೈಲಿಲ್ಲ.”